ಅಕ್ಕಿ ಡಬ್ಬಿಯೊಳಗಿನ ತಂತಿ

(ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಒಂದು ಸಂಜೆ ಧಾರವಾಡದಲ್ಲಿ, ನಮ್ಮ ಸಭೆಯವರೂ ಓಣಿಯ ನೆರೆಹೊರೆಯವರೂ ಕೂಡಿದ್ದ ಕೂಟದಲ್ಲಿ ಆಡಿದ ಮಾತುಗಳಿವು. ಕೆಲವರು ಬರೆದು ಕೊಡಿ ಅಂದರು. ಮಾತಾಡುವಾಗ ಹಿಂದೆ ಮುಂದೆ ಆದದ್ದನ್ನು ಸ್ವಲ್ಪ ಸರಿಮಾಡಿದ್ದೇನೆ, ಅಷ್ಟೇ.)

ಎಲ್ಲರಿಗೂ ವಂದನೆಗಳು.

ನಮ್ಮ ಸಭೆಯ ಪಾದ್ರಿ ಅಯ್ಯನವರು ನನಗೆ ಕೊಟ್ಟ ವಿಷಯ ದೇವರ ಪ್ರೀತಿ ಮತ್ತು ಕ್ಷಮೆ. ನಾನು ದೇವಶಾಸ್ತ್ರ ಓದಿದವಳಲ್ಲ. ಸುಮಾರು ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು. ಹಾಗಾಗಿ ನನ್ನ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಅದು ನನ್ನ ಅತ್ತೆಯ ವಿಷಯ. ಅವರು 2019ರಲ್ಲಿ ತೀರಿಕೊಂಡರು. ಇದನ್ನು ನಾಲ್ಕು ಜನರ ಮುಂದೆ ಹೇಳಲೋ ಬೇಡವೋ ಅಂತ ನಮ್ಮನೆಯವರನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು. ಆದ್ರ ನಮ್ಮವ್ವಂದು ಅಷ್ಟ ಹೇಳಬ್ಯಾಡ, ನಿಂದೂ ಹೇಳು" ಅಂದರು. ಹೇಳುತ್ತೇನೆ.

1991ರ ಮೇ ತಿಂಗಳು. ನಾನು ಮದುವೆಯಾಗಿ ಧಾರವಾಡಕ್ಕೆ ಬಂದು ಎರಡು ವರ್ಷ ಆಗಿತ್ತು. ನನ್ನ ತವರು ಗದಗದ ಹತ್ತಿರ ಬೆಟಗೇರಿ. ಅಪ್ಪನದು ಮಗ್ಗದ ಕೆಲಸ. ಆ ವಾರ ನಮ್ಮ ಮನೆಯಲ್ಲಿ ನಾದಿನಿಯ ನಿಶ್ಚಿತಾರ್ಥ ಇತ್ತು. ಗಂಡಿನ ಕಡೆಯವರು ಹುಬ್ಬಳ್ಳಿಯಿಂದ ನಲವತ್ತು ಮಂದಿ ಬರುವವರಿದ್ದರು. ಹಿಂದಿನ ರಾತ್ರಿ ಹನ್ನೊಂದು ದಾಟಿದರೂ ನಾನು ಒಲೆಯ ಮುಂದೆ ಕರಿಗಡಬು ಕರಿಯುತ್ತಾ ಕೂತಿದ್ದೆ. ಅತ್ತೆ ಎರಡು ಸಲ ಅಡುಗೆಮನೆಗೆ ಬಂದು, ಏನೂ ಮಾತಾಡದೆ ನನ್ನನ್ನೇ ನೋಡಿ ಹೋದರು. ಕೆಲಸ ಸರಿಯಾಗಿ ಆಗುತ್ತಿದೆಯೋ ಇಲ್ಲವೋ ನೋಡುತ್ತಿದ್ದಾರೆ ಅಂದುಕೊಂಡೆ.

ಮರುದಿನ ಎಲ್ಲ ಚೆನ್ನಾಗಿ ಆಯಿತು. ಉಂಗುರ ಹಾಕಿದರು, ಅಯ್ಯನವರು ಪ್ರಾರ್ಥನೆ ಮಾಡಿದರು, ಊಟಕ್ಕೆ ಕೂತರು. ಮಧ್ಯಾಹ್ನ ಮೂರರ ಹೊತ್ತಿಗೆ ಕಡೇ ಪಂಕ್ತಿಗೆ ಅನ್ನ ಸಾಲುವುದಿಲ್ಲ ಅನಿಸಿತು. ಇನ್ನೊಂದಿಷ್ಟು ಅಕ್ಕಿ ತೆಗೆಯೋಣ ಅಂತ ದೊಡ್ಡ ಡಬ್ಬಿಯೊಳಗೆ ಕೈ ಹಾಕಿದೆ. ಅಕ್ಕಿಯ ಒಳಗೆ ಕಾಗದ ತಾಗಿತು. ನಾಲ್ಕಾಗಿ ಮಡಚಿದ ತಂತಿ, ಅಂದರೆ ಟೆಲಿಗ್ರಾಮ್. "ಫಾದರ್ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ." ಹಿಂದಿನ ದಿನ ಸಂಜೆಯೇ ಬಂದಿತ್ತು.

ಧಾರವಾಡದಿಂದ ಬೆಟಗೇರಿಗೆ ಸುಮಾರು 80 ಕಿಲೋಮೀಟರು. ರಾತ್ರಿ ಬಸ್ಸು ಸಿಗದಿದ್ದರೂ ಬೆಳಗಿನ ಮೊದಲ ಬಸ್ಸಿಗೆ ಹೋಗಿದ್ದರೆ ಅಪ್ಪನ ಮುಖ ಸಿಗುತ್ತಿತ್ತು. ನಾನು ಹೋಗುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು. ಕತ್ತಲಲ್ಲಿ ಲಾಟೀನು ಹಿಡಿದು ಅಣ್ಣ ಕರೆದುಕೊಂಡು ಹೋಗಿ ತೋರಿಸಿದ. ಹಸಿ ಮಣ್ಣು, ಮೇಲೆ ಚೆಂಡು ಹೂವು. ನನ್ನ ಬೆರಳುಗಳಲ್ಲಿ ಇನ್ನೂ ಕರಿಗಡಬಿನ ಎಣ್ಣೆ ವಾಸನೆ ಇತ್ತು.

ವಾಪಸ್ ಬಂದ ಮೇಲೆ ಅತ್ತೆಯನ್ನು ಕೇಳಿದೆ. ಅವರು ಅಂದದ್ದು ಇಷ್ಟೇ: "ಮನ್ಯಾಗ ಶುಭಕಾರ್ಯ ಇತ್ತು. ಸತ್ತವರು ಎದ್ದು ಬರ್ತಾರೇನು?"

ಆಮೇಲೆ ಇಪ್ಪತ್ತೈದು ವರ್ಷ ಒಂದೇ ಸೂರಿನ ಕೆಳಗೆ ಇದ್ದೆವು. ಜಗಳ ಆಡಲಿಲ್ಲ. ಅವರಿಗೆ ಬಿಸಿ ರೊಟ್ಟಿ ಬಡಿಸಿದೆ, ಹಬ್ಬಕ್ಕೆ ಸೀರೆ ತಂದೆ, ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ನೋಡಿದವರು ಒಳ್ಳೆ ಸೊಸೆ ಅಂದರು. ಒಳಗೆ ಮಾತ್ರ ಒಂದು ಲೆಕ್ಕದ ಪುಸ್ತಕ ತೆರೆದೇ ಇತ್ತು. ಒಂದು ದಿನ ಅವರೇ ಬಂದು "ತಪ್ಪಾತವಾ" ಅನ್ನುತ್ತಾರೆ, ಆಗ ನಾನು ದೊಡ್ಡ ಮನಸ್ಸು ಮಾಡಿ ಬಿಟ್ಟುಬಿಡುತ್ತೇನೆ ಅಂತ ಕಾಯುತ್ತಿದ್ದೆ. ಆ ದಿನ ಹೇಗಿರುತ್ತದೆ, ನಾನು ಏನು ಮಾತಾಡುತ್ತೇನೆ ಅನ್ನುವುದನ್ನೂ ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೆ. ನಿಮ್ಮಲ್ಲೂ ಹೀಗೆ ಕಾಯುತ್ತಿರುವವರು ಇದ್ದೀರಿ ಅಂತ ನನಗೆ ಗೊತ್ತು.

2014ರಲ್ಲಿ ಅತ್ತೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕತೊಡಗಿದರು. ಮೊದಲು ವಯಸ್ಸಾಯಿತು ಅಂದುಕೊಂಡೆವು. ಆಮೇಲೆ ಹಾಲಿನವನ ಹೆಸರು ಹೋಯಿತು. ಮೊಮ್ಮಕ್ಕಳ ಹೆಸರು ಅದಲು ಬದಲಾಯಿತು. ಒಂದು ಭಾನುವಾರ ಆರಾಧನೆ ಮುಗಿಸಿ ಹೊರಟವರು ಮನೆ ದಾರಿ ತಪ್ಪಿ, ಎಮ್ಮಿಕೇರಿ ಕಡೆ ಯಾರದೋ ಕಟ್ಟೆಯ ಮೇಲೆ ಸತ್ಯವೇದ (ಬೈಬಲ್) ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಡಾಕ್ಟರು ಪರೀಕ್ಷೆ ಮಾಡಿ ಮರೆವಿನ ಕಾಯಿಲೆ ಅಂದರು. ಆಲ್ಜೈಮರ್. ಗುಣ ಆಗುವುದಲ್ಲ, ನೋಡಿಕೊಳ್ಳಬೇಕು ಅಷ್ಟೇ. ಇದು ನಮ್ಮೊಬ್ಬರ ಮನೆಯ ಕಥೆಯೂ ಅಲ್ಲ. 2023ರಲ್ಲಿ ಬಂದ ದೇಶಮಟ್ಟದ ಅಂದಾಜಿನ ಪ್ರಕಾರ, 60 ದಾಟಿದ ಭಾರತೀಯರಲ್ಲಿ ಶೇಕಡಾ 7.4ರಷ್ಟು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಇಂಥ ಮರೆವಿನ ಕಾಯಿಲೆ ಇದೆ. ಅಷ್ಟೂ ಮನೆಗಳಲ್ಲಿ ಒಬ್ಬ ಸೊಸೆಯೋ ಮಗಳೋ ಮಗನೋ ರಾತ್ರಿ ನಿದ್ದೆ ಬಿಟ್ಟು ಕೂತಿರುತ್ತಾರೆ.

ಡಾಕ್ಟರು ನನಗೆ ಬಿಡಿಸಿ ಹೇಳಿದ್ದು ಹೀಗೆ: ಹಳೇ ಗೋಡೆಗೆ ವರ್ಷಾ ವರ್ಷಾ ಸುಣ್ಣ ಬಳಿದಿರುತ್ತೀರಲ್ಲ, ಮೇಲಿನ ಹೊಸ ಪದರ ಮೊದಲು ಉದುರುತ್ತದೆ. ಒಳಗಿನದು ಕಡೇವರೆಗೂ ಇರುತ್ತದೆ. ಹಾಗೇ ಆಯಿತು. ಬೆಳಗಿನ ತಿಂಡಿ ನೆನಪಿಲ್ಲ, ಚಿಕ್ಕಂದಿನಲ್ಲಿ ಕಲಿತ ಕೀರ್ತನೆ ಒಂದಕ್ಷರ ತಪ್ಪದೆ ಬರುತ್ತಿತ್ತು. ಹೊತ್ತು ಮುಳುಗಿತು ಅಂದರೆ ಸೀರೆಗಳನ್ನು ಗಂಟು ಕಟ್ಟಿಕೊಂಡು "ನಾ ನಮ್ಮ ಮನಿಗೆ ಹೋಗತೇನಿ" ಅಂತ ಬಾಗಿಲಿಗೆ ಬರುತ್ತಿದ್ದರು.

ಸೊಸೆ ಅನ್ನುವುದು ಅವರ ಬದುಕಿನಲ್ಲಿ ಮೇಲಿನ ಪದರ. ನಾನೂ ಉದುರಿ ಹೋದೆ. ನನ್ನ ಜೊತೆಗೆ ಆ ತಂತಿಯೂ ಹೋಯಿತು.

ಆಗ ನನಗೆ ಬಂದ ಸಿಟ್ಟು ಹೇಳುವಂತಿಲ್ಲ. ಇನ್ನು ಇವರು ಯಾವತ್ತೂ "ತಪ್ಪಾತು" ಅನ್ನುವುದಿಲ್ಲ. ಸಾಲ ಮಾಡಿದವರು ಸಾಲ ಇದ್ದದ್ದನ್ನೇ ಮರೆತುಬಿಟ್ಟರೆ ಕೊಟ್ಟವರು ಎಲ್ಲಿಗೆ ಹೋಗಬೇಕು?

ಈಗ ನನ್ನದು.

2017ರ ಜನವರಿ. ಚಳಿ. ಅವರಿಗೆ ಸ್ನಾನ ಮಾಡಿಸುವುದು ದಿನಾ ಒಂದು ಹೋರಾಟ. ಈ ಕಾಯಿಲೆಯವರಿಗೆ ನೀರು ಅಂದರೆ ಭಯ ಆಗುವುದುಂಟು, ಅದು ಆಗ ನನಗೆ ಗೊತ್ತಿರಲಿಲ್ಲ. ಆ ದಿನ ಅವರು ಚರಿಗೆ ತಳ್ಳಿದರು, ಬಿಸಿನೀರೆಲ್ಲ ನನ್ನ ಸೀರೆಯ ಮೇಲೆ ಚೆಲ್ಲಿತು. ಶಾಲೆಗೆ ತಡವಾಗಿತ್ತು. ಹಿಂದಿನ ರಾತ್ರಿ ನಾನು ಎರಡು ತಾಸೂ ಮಲಗಿರಲಿಲ್ಲ. "ಕಳ್ಳಿ, ನನ್ನ ಬಳಿ ಕದ್ದಿ" ಅಂತ ಕೂಗಾಡಿದರು. ಬಳೆ ಅವರ ಕೈಯಲ್ಲೇ ಇತ್ತು. ನಾನು ಅವರ ಮಣಿಕಟ್ಟು ಹಿಡಿದೆ. ಹಿಡಿದವಳು ಬಿಡಲಿಲ್ಲ. ಒತ್ತಿದೆ. ಆ ಹೊತ್ತಿನಲ್ಲಿ ನನ್ನ ಕಿವಿಯಲ್ಲಿ ಇದ್ದದ್ದು ಕಳ್ಳಿ ಅನ್ನುವ ಮಾತಲ್ಲ. "ಸತ್ತವರು ಎದ್ದು ಬರ್ತಾರೇನು" ಅನ್ನುವುದು. ಅವರು ಸಣ್ಣ ಮಗುವಿನ ಹಾಗೆ ಚೀರಿದ ಮೇಲೆ ಕೈ ಬಿಟ್ಟೆ.

ಸಂಜೆ ಹೊತ್ತಿಗೆ ನಾಲ್ಕು ಬೆರಳು ಕಪ್ಪಾಗಿ ಮೂಡಿದ್ದವು. ನಮ್ಮನೆಯವರು ಕೇಳಿದರು. "ಬಚ್ಚಲದ ನಲ್ಲಿಗೆ ತಾಗಿತು" ಅಂದೆ. ನಂಬಿದರು. ಇಪ್ಪತ್ತೈದು ವರ್ಷ ನಾನು ಒಳ್ಳೆಯವಳು, ಅವರು ಕೆಟ್ಟವರು ಅಂತ ಬರೆದಿಟ್ಟ ಪುಸ್ತಕ ಒಂದು ಕ್ಷಣದಲ್ಲಿ ತಲೆಕೆಳಗಾಯಿತು. ಅವರು ಒಂದು ಕಾಗದ ಮುಚ್ಚಿಟ್ಟಿದ್ದರು. ನಾನು 79 ವರ್ಷದ, ತನ್ನ ಹೆಸರೂ ಗೊತ್ತಿಲ್ಲದ ಮುದುಕಿಯ ಕೈ ಹಿಚುಕಿ, ಅದನ್ನು ಮುಚ್ಚಿಟ್ಟೆ.

ಆ ಭಾನುವಾರ ದೇವಾಲಯದಲ್ಲಿ ಪಾಪದರಿಕೆಯ, ಅಂದರೆ ತಪ್ಪು ಒಪ್ಪಿಕೊಳ್ಳುವ ಪ್ರಾರ್ಥನೆಯ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಕರ್ತನ ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಅನ್ನುವ ಜಾಗ ಬಂದಾಗ ಸುಮ್ನೆ ನಿಂತೆ. ಚಿಕ್ಕಂದಿನಿಂದ ಎಷ್ಟು ಸಾವಿರ ಸಲ ಹೇಳಿದ್ದೆನೋ. ಅವತ್ತು ಮೊದಲ ಸಲ ಅದನ್ನು ಕೇಳಿಸಿಕೊಂಡೆ.

ಅಂದು ಓದಿದ ಭಾಗ ಸತ್ಯವೇದದ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ. ನೆರೆಹೊರೆಯವರಿಗಾಗಿ ಕಥೆ ಚಿಕ್ಕದಾಗಿ ಹೇಳುತ್ತೇನೆ. ಶಿಷ್ಯ ಪೇತ್ರ ಯೇಸುಸ್ವಾಮಿಯನ್ನು ಕೇಳುತ್ತಾನೆ, ತಪ್ಪು ಮಾಡಿದವನನ್ನು ಎಷ್ಟು ಸಲ ಕ್ಷಮಿಸಬೇಕು, ಏಳು ಸಲ ಸಾಕಾ ಅಂತ. ಸ್ವಾಮಿ ಏಳೆಪ್ಪತ್ತು ಸಲ ಅಂದು ಒಂದು ಕಥೆ ಹೇಳುತ್ತಾರೆ. ಒಬ್ಬ ಅರಸ. ಅವನ ಆಳು ಹತ್ತು ಸಾವಿರ ತಲಾಂತು ಸಾಲ ಮಾಡಿದ್ದ. ಕಾಲಿಗೆ ಬಿದ್ದ. ಅರಸ ಕನಿಕರಪಟ್ಟು ಪೂರ್ತಿ ಬಿಟ್ಟುಬಿಟ್ಟ. ಅದೇ ಆಳು ಹೊರಗೆ ಹೋಗಿ, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ.

ಮನೆಗೆ ಬಂದು ನಾನು ಪೆನ್ಸಿಲ್ ತಗೊಂಡು ಲೆಕ್ಕ ಹಾಕಿದೆ. ಒಂದು ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಹತ್ತು ಸಾವಿರ ತಲಾಂತು ಅಂದರೆ ಆರು ಕೋಟಿ ದಿನಗಳ ಕೂಲಿ. ವರ್ಷಕ್ಕೆ ಮುನ್ನೂರು ದಿನ ದುಡಿದರೂ ಎರಡು ಲಕ್ಷ ವರ್ಷ ಬೇಕು. "ತಾಳಿಕೊಳ್ಳಿ, ಎಲ್ಲಾ ತೀರಿಸುತ್ತೇನೆ" ಅನ್ನುತ್ತಾನೆ ಆ ಪುಣ್ಯಾತ್ಮ! ಹೇಗೆ ತೀರಿಸುತ್ತಾನೆ? ಆದರೂ ಹಾಗನ್ನುತ್ತಾನೆ, ಯಾಕಂದರೆ ಬಿಡಿಸಿಕೊಳ್ಳುವುದಕ್ಕಿಂತ ತೀರಿಸುತ್ತೇನೆ ಅನ್ನುವುದು ನಮಗೆ ಸುಲಭ. ನಾನೂ ಅತ್ತೆಗೆ ಬಿಸಿ ರೊಟ್ಟಿ ಬಡಿಸುತ್ತಾ ಹಾಗೇ ಅಂದುಕೊಂಡಿದ್ದೆ, ನನ್ನದೇನೂ ಬಾಕಿ ಇಲ್ಲ ಅಂತ.

ಇನ್ನೊಂದು ಲೆಕ್ಕ ಇದೆ. ಅದನ್ನು ಬೋಧನೆಗಳಲ್ಲಿ ನಾನು ಜಾಸ್ತಿ ಕೇಳಿಲ್ಲ, ಅದಕ್ಕೇ ಹೇಳುತ್ತೇನೆ. ಆ ಜೊತೆಗಾರನ ಸಾಲ ನೂರು ದಿನಾರಿ. ಅದು ಚಿಲ್ಲರೆ ದುಡ್ಡಲ್ಲ. ನೂರು ದಿನದ ಕೂಲಿ. ಮನೆಯಲ್ಲಿ ಕೂಲಿ ಮಾಡುವವರಿದ್ದರೆ ಕೇಳಿ ನೋಡಿ, ನೂರು ದಿನದ ಕೂಲಿ ಹೋದರೆ ಹೇಗಿರುತ್ತದೆ ಅಂತ. ಯೇಸುಸ್ವಾಮಿ ಬೇಕಾಗಿದ್ದರೆ ಒಂದು ಕಾಸು ಅನ್ನಬಹುದಿತ್ತು. ಅನ್ನಲಿಲ್ಲ. ನಮಗೆ ಆದ ನೋವು ದೊಡ್ಡದೇ ಅಂತ ಅವರಿಗೆ ಗೊತ್ತು. ನನ್ನ ಅಪ್ಪನ ಮುಖ ನೋಡಲಾಗದೆ ಹೋದದ್ದು ಸಣ್ಣದಲ್ಲ ಅಂತ ದೇವರು ಒಪ್ಪಿಕೊಂಡಿದ್ದಾನೆ ಅನಿಸಿದ ಮೇಲೇ ನನಗೆ ಮುಂದಿನ ಮಾತು ಕೇಳಿಸಿಕೊಳ್ಳಲು ಆಯಿತು. ಯಾರಾದರೂ ಬಂದು "ಹೋಗಲಿ ಬಿಡಿ, ಅದೇನು ಮಹಾ" ಅಂದಿದ್ದರೆ ನಾನು ಇನ್ನೂ ಗಟ್ಟಿಯಾಗುತ್ತಿದ್ದೆ.

ಆ ವರ್ಷದ ನವೆಂಬರಿನಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ರಾಣಿ ಮರಿಯಾ ಅನ್ನುವ ಕೆಥೋಲಿಕ್ ಸಿಸ್ಟರ್ ಒಬ್ಬರನ್ನು 2017ರ ನವೆಂಬರ್ 4ರಂದು ಇಂದೂರಿನಲ್ಲಿ ಧನ್ಯರು ಅಂತ ಸಾರಿದರು, ಅದು ಸಂತ ಪದವಿಗೆ ಹಿಂದಿನ ಮೆಟ್ಟಿಲು. ನಮ್ಮದು ಬಾಸೆಲ್ ಮಿಶನ್ನಿನ ಪ್ರಾಟೆಸ್ಟಂಟ್ ಮನೆತನ, ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದರೆ ಅವರ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು.

ಅವರು ಕೇರಳದ ಪುಲ್ಲುವಳಿ ಅನ್ನುವ ಊರಿನವರು, 1954ರಲ್ಲಿ ಹುಟ್ಟಿದವರು. ಮಧ್ಯಪ್ರದೇಶದ ಉದಯನಗರದಲ್ಲಿ ಆದಿವಾಸಿಗಳ ನಡುವೆ ಕೆಲಸ ಮಾಡುತ್ತಿದ್ದರು. ಬಡ್ಡಿ ಸಾಲದಿಂದ ಬಿಡಿಸಿಕೊಳ್ಳುವುದು ಹೇಗೆ ಅಂತ ಆ ಜನರಿಗೆ ಕಲಿಸಿದರು. ಸಾಲ ಕೊಡುವ ಜಮೀನ್ದಾರರಿಗೆ ಅದು ಸಹಿಸಲಿಲ್ಲ. 1995ರ ಫೆಬ್ರವರಿ 25ರಂದು ಇಂದೂರಿಗೆ ಹೊರಟಿದ್ದ ಬಸ್ಸಿನಲ್ಲಿ ಸಮಂದರ್ ಸಿಂಗ್ ಅನ್ನುವವನು ಅವರನ್ನು ಚಾಕುವಿನಿಂದ ಇರಿದು ಕೊಂದ. ಮೈಮೇಲೆ 54 ಗಾಯ. ಅವರಿಗೆ ಆಗ 41 ವರ್ಷ. ಅವನಿಗೆ ಜೀವಾವಧಿ ಶಿಕ್ಷೆ ಆಯಿತು.

ರಾಣಿ ಮರಿಯಾ ಅವರ ತಂಗಿಯೂ ಸಿಸ್ಟರ್, ಸೆಲ್ಮಿ ಪೌಲ್ ಅಂತ. ಅವರು 2002ರಲ್ಲಿ ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಮುಂದೆ ಅವನ ಬಿಡುಗಡೆಗಾಗಿ ಆ ಮನೆಯವರೇ ಕೇಳಿಕೊಂಡರು. 2006ರಲ್ಲಿ ಬಿಡುಗಡೆ ಆಯಿತು. ಮರುವರ್ಷ ಅವನು ಕೇರಳಕ್ಕೆ, ಅವರ ಮನೆಗೇ ಹೋದ. ರಾಣಿ ಮರಿಯಾ ಅವರ ತಾಯಿ ಅವನ ಕೈಗಳನ್ನು ಹಿಡಿದು ಮುತ್ತಿಟ್ಟರು. ಈ ಕೈಗಳಿಗೆ ನನ್ನ ಮಗಳ ರಕ್ತ ತಾಗಿದೆ ಅಂದರು.

ಆ ಸಾಲು ಓದುವಾಗ ನಾನು ನನ್ನ ಕೈ ನೋಡಿಕೊಂಡೆ.

ಎರಡು ವಿಷಯ ಇಲ್ಲಿ ಹೇಳಲೇಬೇಕು. ಒಂದು, 1995ಕ್ಕೂ 2002ಕ್ಕೂ ನಡುವೆ ಏಳು ವರ್ಷ ಇವೆ. ಕ್ಷಮೆ ಒಂದೇ ದಿನದಲ್ಲಿ ಬರಲಿಲ್ಲ ಅಂತ ಯಾರೂ ಕುಗ್ಗಬೇಡಿ. ಇನ್ನೊಂದು, ಆತ ಹನ್ನೊಂದು ವರ್ಷ ಜೈಲಿನಲ್ಲಿ ಇದ್ದ. ಕ್ಷಮಿಸುವುದು ಅಂದರೆ ತಪ್ಪು ನಡೆಯಲೇ ಇಲ್ಲ ಅನ್ನುವುದಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ಜೋರಾಗಿ ಹೇಳುತ್ತೇನೆ. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ "ಕ್ಷಮಿಸು, ತಾಳಿಕೋ" ಅಂತ ಸತ್ಯವೇದ ತೋರಿಸುವುದು ದೊಡ್ಡ ಅನ್ಯಾಯ. ಹೊಡೆಯುವ ಕೈಯಿಂದ ಮೊದಲು ದೂರ ಬರಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬೇಕು. ಕ್ಷಮೆಯ ಮಾತು ಆಮೇಲೆ, ಅದೂ ಅವರಿಗೆ ಆದಾಗ.

ನಾವು ಮನೆಯಲ್ಲಿ ಕ್ಷಮಿಸು ಅನ್ನುವ ಮಾತು ಆಡುವುದೇ ಇಲ್ಲ ಅಲ್ವಾ? ಅದು ದೇವಾಲಯದ ಮಾತು, ಅರ್ಜಿಯ ಮಾತು. ಮನೆಯಲ್ಲಿ ನಾವು ಅನ್ನುವುದು "ತಪ್ಪಾತು, ಬಿಟ್ಬಿಡು". ಅಯ್ಯನವರ ಹತ್ತಿರ ಒಮ್ಮೆ ಇದನ್ನು ಹೇಳಿದಾಗ ಅವರು ಒಂದು ಸಂಗತಿ ತಿಳಿಸಿದರು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಕ್ಷಮಿಸು ಅಂತ ಇರುವ ಕಡೆ ಹೆಚ್ಚಾಗಿ ಬರುವ ಕ್ರಿಯಾಪದ 'ಅಫಿಯೇಮಿ'. ಅದರ ನೇರ ಅರ್ಥ ಬಿಡು. ಮೀನುಗಾರರು ಬಲೆಗಳನ್ನು ಬಿಟ್ಟು ಯೇಸುವಿನ ಹಿಂದೆ ಹೋದರು ಅನ್ನುವ ಕಡೆಯೂ ಅದೇ ಪದ. ಅರಸ ಸಾಲ ಬಿಟ್ಟ ಅನ್ನುವ ಕಡೆಯೂ ಅದೇ ಪದ. ನಮ್ಮ ಅಡುಗೆಮನೆಯ ಕನ್ನಡ ಆ ಮೂಲಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಹಿಡಿದದ್ದನ್ನು ಬಿಡುವುದು. ನಾನು ಹಿಡಿದದ್ದು ತಂತಿಯನ್ನು. ಅದನ್ನು ಬಿಡಲು ಬರದೆ ಮಣಿಕಟ್ಟು ಹಿಡಿದೆ.

ಆ ನವೆಂಬರಿನ ಒಂದು ರಾತ್ರಿ. ಕರೆಂಟು ಹೋಗಿತ್ತು. ನಮ್ಮನೆಯವರು ಊರಲ್ಲಿ ಇರಲಿಲ್ಲ. ಅತ್ತೆಗೆ ಅನ್ನ ಸಾರು ಕಲಸಿ ಉಣಿಸಿ, ಬಾಯಿ ಒರೆಸಿ, ಅವರ ಮಂಚದ ಪಕ್ಕ ನೆಲದ ಮೇಲೆ ಕೂತೆ. ಮೇಣದ ಬತ್ತಿ ಉರಿಯುತ್ತಿತ್ತು. ಗುರುತು ಮಾಸಿ ಎಷ್ಟೋ ತಿಂಗಳಾಗಿತ್ತು. ಆದರೂ ನಾನು ಅವರ ಆ ಕೈ ಹಿಡಿದುಕೊಂಡೆ.

"ಅತ್ತಿ, ನಾ ನಿಮ್ಮ ಕೈ ಹಿಚಿಕಿದ್ದೆ ರೀ. ತಪ್ಪಾತು."

ಅವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. "ಏನೂ ಆಗಿಲ್ಲಲ್ಲವಾ. ಬಿಡು."

ಬಿಡು ಅಂದರು. ಏನನ್ನು ಬಿಡುತ್ತಿದ್ದೇನೆ ಅಂತ ಅವರಿಗೆ ಗೊತ್ತಿರಲಿಲ್ಲ. ನನಗೆ ಅಳು ತಡೆಯಲಿಲ್ಲ. ಅವರು ಎದ್ದು ಕೂತರು. "ಯಾಕ ಅಳತೀ? ಯಾರ ಮಗಳವಾ ನೀ? ಯಾರರ ಬೈದ್ರೇನು?"

ಅಷ್ಟು ವರ್ಷ ಒಳಗೆ ಇಟ್ಟುಕೊಂಡದ್ದು ತಾನಾಗಿ ಹೊರಗೆ ಬಂತು. "ನಮ್ಮಪ್ಪ ಸತ್ತಾಗ ನನ್ನ ಮಣ್ಣಿಗೆ ಕಳಿಸಲಿಲ್ಲ ರೀ."

"ಯಾರು?"

ಮೇಣದ ಬತ್ತಿಯ ಬೆಳಕಿನಲ್ಲಿ ಆ ಮುಖ ನನ್ನನ್ನೇ ನೋಡುತ್ತಿತ್ತು. ಇಪ್ಪತ್ತಾರು ವರ್ಷ ಕಾದಿದ್ದ ಪ್ರಶ್ನೆ. ಉತ್ತರ ನಾಲಿಗೆಯ ಮೇಲೇ ಇತ್ತು. ಹೇಳಲಿಕ್ಕೆ ಆಗಲಿಲ್ಲ.

"ಒಬ್ಬರು" ಅಂದೆ.

"ಅಯ್ಯ ಶಿವನ" ಅಂದರು ಅತ್ತೆ. ಅವರು ಹುಟ್ಟಿ ಬೆಳೆದ ಓಣಿಯ ಉದ್ಗಾರ ಅದು, ಕ್ರೈಸ್ತರ ಬಾಯಲ್ಲೂ ಬರುತ್ತದೆ. "ಹೆತ್ತಪ್ಪ ಸತ್ತರ ಕಳಿಸಲಿಲ್ಲ? ಅವರು ಯಾರೋ ಭಾಳ ಕೆಟ್ಟವರ ಇರಬೇಕು."

ನಾನು ಯೋಚನೆ ಮಾಡಲಿಲ್ಲ. ಬಾಯಿಂದ ಬಂದೇ ಬಿಟ್ಟಿತು.

"ಇಲ್ರೀ ಅತ್ತಿ. ಕೆಟ್ಟವರಲ್ಲ. ಮಗಳ ನಿಶ್ಚಯ ಮುರೀತೈತಿ ಅಂತ ಹೆದರಿದ್ರು."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಅದು ನಿಜ. ಅಂದು ರಾತ್ರಿ ಎರಡು ಸಲ ಅಡುಗೆಮನೆಗೆ ಬಂದು ಮಾತಾಡದೆ ಹೋದದ್ದು ಯಾಕೆ ಅಂತ ಆಗ ಹೊಳೆಯಿತು. ಹೇಳಬೇಕು ಅಂತಲೇ ಬಂದಿದ್ದರು. ಎರಡು ಸಲ. ಗಂಡ ಇಲ್ಲದ ಹೆಂಗಸು, ಮಗಳಿಗೆ ಅದಕ್ಕೆ ಮುಂಚೆ ಎರಡು ಸಂಬಂಧ ತಪ್ಪಿದ್ದವು. ಅದು ನನಗೆ ಮೊದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನವೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವರು ಮಾಡಿದ್ದು ಸರಿ ಅಂತ ನಾನು ಈಗಲೂ ಅನ್ನುವುದಿಲ್ಲ.

ಅತ್ತೆ ಬಗ್ಗಿ ತಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು. ಸೆರಗಿಗೆ ಅಮೃತಾಂಜನದ ವಾಸನೆ ಇತ್ತು, ಕಣ್ಣು ಇನ್ನೂ ಉರಿಯಿತು. "ಪಾಪ, ನಿಮ್ಮಪ್ಪ ಸತ್ತನೇನವಾ" ಅಂತ ತಲೆ ಸವರಿದರು. ಅಪ್ಪ ತೀರಿಕೊಂಡದ್ದಕ್ಕೆ ಆ ಮನೆಯಲ್ಲಿ ನನ್ನ ತಲೆ ಸವರಿದ ಮೊದಲ ಕೈ ಅದು. ದೇವರ ಪ್ರೀತಿ ಹೇಗಿರುತ್ತದೆ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಸೆರಗು. ನಾನು ಕೊಡಬೇಕು ಅಂತ ಕಾದು ಕೂತಿದ್ದೆ. ಅಂದು ರಾತ್ರಿ ನಾನು ತಗೊಂಡೆ.

ಮರುದಿನದಿಂದ ಎಲ್ಲ ಸುಗಮ ಆಯಿತು ಅಂದರೆ ಸುಳ್ಳಾಗುತ್ತದೆ. ಮಾರನೇ ವಾರವೇ ಅವರು ಹಾಸಿಗೆಯಲ್ಲಿ ಹೊಲಸು ಮಾಡಿಕೊಂಡಾಗ ನನಗೆ ಮತ್ತೆ ರೇಗಿತು. ಏಳೆಪ್ಪತ್ತು ಸಲ ಅಂದದ್ದು ಬೇರೆ ಬೇರೆ ತಪ್ಪಿಗೆ ಅಂತ ನಾನು ತಿಳಿದಿದ್ದೆ. ಒಂದೇ ತಪ್ಪನ್ನು ಅಷ್ಟು ಸಲ ಬಿಡಬೇಕಾಗುತ್ತದೆ ಅಂತ ಆಗ ಗೊತ್ತಾಯಿತು.

ನಮ್ಮನೆಯವರು ಊರಿಂದ ಬಂದ ದಿನವೇ ನಲ್ಲಿಯ ಸುಳ್ಳನ್ನು ಒಪ್ಪಿಕೊಂಡೆ. ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಗ್ಗೆ ಎದ್ದು ತಾವೇ ಸ್ನಾನದ ನೀರು ಕಾಯಿಸಿದರು. ಅಲ್ಲಿಂದ ಕಡೇವರೆಗೂ ಸ್ನಾನ ಇಬ್ಬರೂ ಸೇರಿ ಮಾಡಿಸಿದೆವು. ಒಬ್ಬಳೇ ಎಲ್ಲ ಹೊರುವುದು ದೊಡ್ಡ ಗುಣ ಅಂತ ನಾನು ತಿಳಿದಿದ್ದೆ, ಅದು ನನ್ನ ಹಮ್ಮು. ಪಕ್ಕದ ಮನೆಯ ಅಕ್ಕ ಇಲ್ಲೇ ಕೂತಿದ್ದಾರೆ. ಅವರು ವಾರಕ್ಕೆ ಎರಡು ಮಧ್ಯಾಹ್ನ ಬಂದು ಅತ್ತೆಯ ಹತ್ತಿರ ಕೂರುತ್ತಿದ್ದರು. ಆ ಎರಡು ಮಧ್ಯಾಹ್ನ ನಾನು ಮಲಗುತ್ತಿದ್ದೆ. ನನ್ನ ಪ್ರಾರ್ಥನೆಗೆ ಬಂದ ಉತ್ತರ ಆ ನಿದ್ದೆ. ಅವರು ಕೊರಳಲ್ಲಿ ಲಿಂಗ ಕಟ್ಟಿದವರು, ನಾನು ಶಿಲುಬೆ ಹಾಕಿದವಳು, ದೇವರು ಅದನ್ನು ನೋಡುತ್ತಾ ಕೂರಲಿಲ್ಲ.

ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುತ್ತಿರುವವರು ದಯವಿಟ್ಟು ಕೇಳಿ. ನಿಮಗೆ ಬರುವ ಸಿಟ್ಟಿನಲ್ಲಿ ಅರ್ಧಕ್ಕೆ ಅರ್ಧ ನಿದ್ದೆ ಇಲ್ಲದ್ದೇ. ನಮ್ಮ ಊರಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ, ಹೋಗಿ ತೋರಿಸಿ. ಹಿರಿಯರಿಗಾಗಿ 14567 ಅನ್ನುವ ಸಹಾಯವಾಣಿ ಇದೆ. ನಿಮ್ಮ ಮನಸ್ಸೇ ಕುಸಿದಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಮಾಡಿ. ಕೈ ಎತ್ತುವ ಮುಂಚೆ ಫೋನ್ ಎತ್ತಿ. ನಾನು ಎತ್ತಲಿಲ್ಲ.

ಪ್ರವಾದಿ ಯೆರೆಮೀಯನ ಪುಸ್ತಕದ 31ನೇ ಅಧ್ಯಾಯದಲ್ಲಿ ದೇವರು ತನ್ನ ಜನರಿಗೆ ಒಂದು ಮಾತು ಕೊಡುತ್ತಾನೆ, ಅವರ ಪಾಪವನ್ನು ಇನ್ನು ನೆನಪಿಗೆ ತರುವುದಿಲ್ಲ ಅಂತ. ಮೊದಲು ನನಗೆ ಅದು ಸುಂದರವಾದ ಮಾತು ಅಷ್ಟೇ ಆಗಿತ್ತು. ಮರೆವು ಅಂದರೆ ಏನು ಅಂತ ಐದು ವರ್ಷ ಹತ್ತಿರದಿಂದ ನೋಡಿದ ಮೇಲೆ ಅದನ್ನು ಓದುವುದೇ ಬೇರೆ ಆಯಿತು. ಅತ್ತೆಗೆ ನನ್ನ ತಪ್ಪು ನೆನಪಿರಲಿಲ್ಲ, ಯಾಕಂದರೆ ನಾನೇ ನೆನಪಿರಲಿಲ್ಲ. ದೇವರಿಗೆ ನಮ್ಮ ತಲೆಗೂದಲಿನ ಲೆಕ್ಕವೂ ಗೊತ್ತು. ನನ್ನ ಹೆಸರು ಗೊತ್ತು, ಆ ಬಚ್ಚಲು ಗೊತ್ತು, ನಾಲ್ಕು ಬೆರಳು ಗೊತ್ತು. ಎಲ್ಲ ಗೊತ್ತಿದ್ದೂ ಅದನ್ನು ಎತ್ತುವುದಿಲ್ಲ ಅನ್ನುತ್ತಾನೆ. ಅದು ಎಷ್ಟು ದೊಡ್ಡ ಮಾತು ಅಂತ ನಾನು ನಿಮಗೆ ಹೇಗೆ ಹೇಳಲಿ.

ವಿಷಯ ಮರೆತರೂ ಅದರ ಜೊತೆಗಿನ ಭಾವ ಉಳಿದುಕೊಳ್ಳುವುದುಂಟು ಅಂತ ಡಾಕ್ಟರು ಅಂದಿದ್ದರು. ಆ ರಾತ್ರಿಯದು ಅವರಿಗೆ ಏನು ಉಳಿಯಿತೋ ಗೊತ್ತಿಲ್ಲ. ನಾನು ಯಾರು ಅಂತ ಕಡೇವರೆಗೂ ಗೊತ್ತಾಗಲಿಲ್ಲ. ಒಮ್ಮೊಮ್ಮೆ ತಂಗಿ ಅನ್ನುತ್ತಿದ್ದರು, ಒಮ್ಮೊಮ್ಮೆ ಟೀಚರಮ್ಮ ಅನ್ನುತ್ತಿದ್ದರು. ಆದರೆ ಕೊನೆಯ ತಿಂಗಳುಗಳಲ್ಲಿ, ಉಣಿಸಿ ಬಾಯಿ ಒರೆಸುವ ಹೊತ್ತಿಗೆ, ಎಷ್ಟೋ ದಿನ ನನ್ನ ಮುಖ ನೋಡಿ ಕೇಳುತ್ತಿದ್ದರು.

"ನಿಮ್ಮಪ್ಪ ಹೆಂಗದಾನವಾ?"

"ಆರಾಮ ಅದಾರ್ರೀ ಅತ್ತಿ" ಅನ್ನುತ್ತಿದ್ದೆ.

"ಕೇಳಿದೆ ಅಂತ ಹೇಳು" ಅಂದು ಕಣ್ಣು ಮುಚ್ಚುತ್ತಿದ್ದರು.

ಹೇಳುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ.